ಗುಡ್ಡಕ್ಕೆ ಇಸ್ತ್ರಿ ಹಾಕಿದವಳು

ಇಸ್ತ್ರಿ ಅಕ್ಕನ ಸುದ್ದಿ ಕಿವಿಗೆ ಬಿದ್ದ ದಿನ ಈ ಸಾಲುಗಳನ್ನು ಬರೆಯುತ್ತಿರುವಾತ ಮಾಡಿದ ಮೊದಲ ಕೆಲಸವೆಂದರೆ, ಮುದುಡಿದ ಅಂಗಿಗಳ ಗಂಟೊಂದನ್ನು ಬಗಲಿಗೆ ಸಿಕ್ಕಿಸಿಕೊಂಡು ಹೋಗಿ ಅವಳ ಮನೆಯ ಬಾಗಿಲು ತಟ್ಟಿದ್ದು. ತಪ್ಪು ಪೂರ್ತಿ ಅವನದಲ್ಲ. ಗಣಿಯ ಎದುರಿನ ಚಹಾ ಅಂಗಡಿಯಲ್ಲಿ ನಾಲ್ಕು ಜನ ಕೂತು, "ಅಕ್ಕ ಇಸ್ತ್ರಿ ಹಾಕಿದ್ರೆ ಮುಗೀತು ನೋಡು, ಎಂಥ ಮಳೆ ಹೊಡೆದ್ರೂ ಒಂದು ಸುಕ್ಕು ಬೀಳಲ್ಲ" ಎಂದು ಹೊಗಳುತ್ತಿದ್ದರೆ, ನಾಳೆಯ ಸಭೆಗೆ ನೆಟ್ಟಗಿನ ಅಂಗಿ ಇಲ್ಲದೆ ಒದ್ದಾಡುತ್ತಿರುವ ಯಾವ ಮನುಷ್ಯ ತಾನೇ ಸುಮ್ಮನೆ ಕೂತಾನು?

ಬಾಗಿಲು ತೆರೆದವರು ಅಕ್ಕನ ಅತ್ತೆ. ಗಂಟು ಬಿಚ್ಚಿಸಿ, ಒಂದೊಂದೇ ಅಂಗಿಯನ್ನು ಬೆಳಕಿಗೆ ಹಿಡಿದು, ಕಾಲರನ್ನು ಮೂಗಿನ ಹತ್ತಿರ ತಂದು ತಕ್ಷಣ ದೂರ ಒಯ್ದು, "ಮೊದಲು ಒಗೆಯೋದು ಕಲೀಬೇಕಿತ್ತು" ಎಂದರು. ಆಮೇಲೆ, "ನನ್ನ ಸೊಸೆ ಕೈಲಿ ಇಸ್ತ್ರಿ ಹಾಕಿಸ್ಕೋಬೇಕು ಅಂದ್ರೆ ಅಂಗಿ ಬಿಚ್ಚಿ ಕೊಡಿ, ನೀವು ಒಳಗಿರಬೇಡಿ. ಅವಳ ಇಸ್ತ್ರಿಪೆಟ್ಟಿಗೆ ಆನೆಗಿಂತ ಭಾರ" ಎಂದು ಹಿಂದಿನ ಕಿಟಕಿಯತ್ತ ಬೆರಳು ತೋರಿಸಿದರು.

ಕಿಟಕಿಯ ತುಂಬ ಒಂದು ಗುಡ್ಡ. ದೈತ್ಯರು ಹತ್ತಲೆಂದು ಕಟ್ಟಿದ ಮೆಟ್ಟಿಲುಗಳಂತೆ ಅಗಲಗಲ ಹಂತಗಳು, ಹಂತಗಳ ಮೈತುಂಬ ಹುಲ್ಲು. ನೆತ್ತಿಯಲ್ಲಿ ಹಳದಿ ರೋಲರ್ ಒಂದು, ಊಟವಾದ ಮೇಲೆ ಅಡ್ಡಾಡುವ ಮುದುಕನ ಹಾಗೆ, ನಿಧಾನವಾಗಿ ಅತ್ತಿಂದಿತ್ತ ಇತ್ತಿಂದತ್ತ ಹೋಗುತ್ತಿತ್ತು. ಅಂಗಿಗಳು ಮುದುಡಿದ ಹಾಗೆಯೇ ಸಭೆಗೆ ಹೋದವು. ಅಕ್ಕನ ಕಥೆ ಮಾತ್ರ ಅಂದಿನಿಂದ ಬೆನ್ನು ಬಿಡಲಿಲ್ಲ.

ಆ ಗುಡ್ಡ ತಾನಾಗಿ ಹುಟ್ಟಿದ್ದಲ್ಲ. ಭೂಮಿಯಿಂದ ಕಲ್ಲಿದ್ದಲು ತೆಗೆಯುವಾಗ ಅದರ ಜೊತೆ ಬೇಡದ್ದೂ ಬರುತ್ತದೆ; ಕಪ್ಪು ಕಲ್ಲು, ಪುಡಿ, ಕಲ್ಲಿದ್ದಲು ತೊಳೆದ ಕೆಸರು. ಕಲ್ಲಿದ್ದಲು ರೈಲು ಹತ್ತಿ ಊರು ಬಿಟ್ಟು ಹೋಗುತ್ತದೆ. ಬೇಡದ್ದು ಇಲ್ಲೇ ಬೀಡು ಬಿಡುತ್ತದೆ. ಕಸ ಎಂದರೆ ಗುಡಿಸಿ ಆಚೆ ಹಾಕಬಹುದು. ಆದರೆ ಊರಿಗಿಂತ ಎತ್ತರದ ಕಸವನ್ನು ಯಾವ ಆಚೆಗೆ ಹಾಕುವುದು?

ಅಕ್ಕ ಸೊಸೆಯಾಗಿ ಬಂದ ಕಾಲದಲ್ಲಿ ಈ ಪ್ರಶ್ನೆಗೆ ಗಣಿಯವರ ಬಳಿ ಒಂದೇ ಉತ್ತರವಿತ್ತು: ಟಿಪ್ಪರ್ ಲಾರಿಯನ್ನು ಗುಡ್ಡದ ತುದಿಗೆ ಹಿಮ್ಮುಖವಾಗಿ ಒಯ್ಯುವುದು, ತೊಟ್ಟಿ ಎತ್ತುವುದು, ಸುರಿದು ಬರುವುದು. ದಪ್ಪ ಕಲ್ಲುಗಳು ಉರುಳಿ ಬುಡ ಸೇರುತ್ತಿದ್ದವು. ಅವುಗಳ ಸಂದಿಯಿಂದ ಗಾಳಿ ಒಳಗೆ ನುಗ್ಗಿ, ಅಳಿದುಳಿದ ಕಲ್ಲಿದ್ದಲು ತಾನಾಗಿ ಕಾದು, ಗುಡ್ಡದ ಹೊಟ್ಟೆಯೊಳಗೆ ಕಿಚ್ಚು ಹತ್ತುತ್ತಿತ್ತು. ಬೂದಿ ಮುಚ್ಚಿದ ಕೆಂಡ ಎಂದು ನಾವು ಮನುಷ್ಯರ ಬಗ್ಗೆ ಹೇಳುತ್ತೇವೆ. ಆ ಬೀದಿಯವರು ಅದನ್ನು ದಿನಾ ಕಿಟಕಿಯಿಂದ ನೋಡುತ್ತಿದ್ದರು. ಗುಡ್ಡದ ಬಿರುಕುಗಳಿಂದ ತೆಳ್ಳಗೆ ಹೊಗೆ. ಗಾಳಿಗೆಲ್ಲ ಆಗಷ್ಟೇ ಬೆಂಕಿಕಡ್ಡಿ ಗೀರಿದ ವಾಸನೆ. ಬಿಳಿ ಬಟ್ಟೆ ಕೊಳ್ಳುವವರನ್ನು ಆ ಬೀದಿಯಲ್ಲಿ ಗರ್ವಿಷ್ಠರೆಂದು ತಿಳಿಯಲಾಗುತ್ತಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ಗುಡ್ಡದ ಒಂದು ಮಗ್ಗುಲು ಜಾರಿ ಕೆಳಗಿಳಿಯಿತು. ಬೀದಿಯ ಹಿಂಬದಿಯ ಗೋಡೆಗಳನ್ನು ಒರಗಿಸಿ, ಅಕ್ಕನ ಅಡುಗೆಮನೆಗೆ ನುಗ್ಗಿ, ಒಲೆಯ ಕಟ್ಟೆಯ ಮಟ್ಟಕ್ಕೆ ಕಪ್ಪು ಕೆಸರು ತುಂಬಿ ನಿಂತಿತು. ಆ ಹೊತ್ತಿಗೆ ಅತ್ತೆ ಅಡುಗೆಮನೆಯಲ್ಲಿರಬೇಕಾಗಿತ್ತು. ಇರಲಿಲ್ಲ, ನಲ್ಲಿಯ ನೀರಿನ ಸರದಿಯ ವಿಷಯದಲ್ಲಿ ಪಕ್ಕದ ಮನೆಯಾಕೆಯ ಜೊತೆ ಜಗಳ ಕಾಯಲು ಮುಂಬಾಗಿಲಿಗೆ ಹೋಗಿದ್ದರು.

"ಬಾಯಿ ಇದ್ದೋರು ಬರಗಾಲದಲ್ಲೂ ಬದುಕ್ತಾರೆ ಅಂತ ಗಾದೆ. ನಾನು ಗುಡ್ಡದ ಕೆಳಗೂ ಬದುಕಿದೆ" ಎಂದು ಅವರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ಪಕ್ಕದ ಮನೆಯಾಕೆಯೂ ಬಿಡುವುದಿಲ್ಲ: "ಇವರ ಪ್ರಾಣ ಉಳಿಸಿದ್ದು ನಾನು. ಒಂದು ದಿನಕ್ಕಾದ್ರೂ ನೀರಿನ ಸರದಿ ಬಿಟ್ಟುಕೊಟ್ರಾ ಕೇಳಿ."

ಬೀದಿಯೆಲ್ಲ ನಕ್ಕಿತು. ಬದುಕಿದವರು ನಗಲೇಬೇಕು. ಅಕ್ಕ ಮಾತ್ರ ನಗಲಿಲ್ಲ. ತಟ್ಟೆಯಿಂದ, ಮರದ ಹಲಗೆಯಿಂದ, ಕೊನೆಗೆ ಬರಿಗೈಯಿಂದ ಕೆಸರು ಬಳಿದಳು. ಬಳಿಯುತ್ತ ಬಳಿಯುತ್ತ ಅವಳಿಗೆ ಅರ್ಥವಾದದ್ದು ಇಷ್ಟು: ಅಡುಗೆಮನೆಯನ್ನು ಎಷ್ಟು ಬಳಿದರೂ ಗುಡ್ಡ ಅಲ್ಲೇ ಇದೆ. ಬಳಿಯಬೇಕಾದದ್ದು ಮೇಲೆ.

ಆಗ ಅವಳು ಗಣಿಯಲ್ಲಿ ಧೂಳು ಏಳದಂತೆ ರಸ್ತೆಗೆ ನೀರು ಹೊಡೆಯುವ ಟ್ಯಾಂಕರ್ ಓಡಿಸುತ್ತಿದ್ದಳು. ಹಾಗಾಗಿ ಹೊಸ ಇಂಜಿನಿಯರಮ್ಮ ಬಂದು, ಕಸವನ್ನು ಬೇರೆ ರೀತಿ ಇಡೋಣ, ಅದಕ್ಕೊಬ್ಬ ರೋಲರ್ ಚಾಲಕ ಬೇಕು ಎಂದಾಗ ಸುದ್ದಿ ಮೊದಲು ಅವಳ ಕಿವಿಗೇ ಬಿತ್ತು.

ಬೇರೆ ಯಾರೂ ಮುಂದೆ ಬರಲಿಲ್ಲ. ಗಣಿಯಲ್ಲಿ ಟಿಪ್ಪರ್ ಚಾಲಕರೆಂದರೆ ರಾಜರು. ಅವರಲ್ಲಿ ಸುಂಟರಗಾಳಿ ಎಂಬ ಬಿರುದಿನವನು ಚಕ್ರವರ್ತಿ. ಗುಡ್ಡದ ತುದಿಗೆ ಹಿಮ್ಮುಖವಾಗಿ ಅವನಷ್ಟು ಬೇಗ ಲಾರಿ ಒಯ್ಯುವವನು ಇನ್ನೊಬ್ಬನಿರಲಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಬಾಚಣಿಗೆ. ಅಂಥವರು ನಡೆದು ಹೋಗುವ ನಾಯಿಗೂ ದಾರಿ ಬಿಡಬೇಕಾದ ರೋಲರ್ ಹತ್ತುವುದುಂಟೇ?

"ಅಕ್ಕ, ರೋಲರ್ ಓಡಿಸೋಕೆ ಲೈಸೆನ್ಸ್ ಬೇಡ, ದಿಂಬು ಸಾಕು" ಎಂದ ಸುಂಟರಗಾಳಿ.

"ನೀನು ಸುರಿದಿದ್ದು ನನ್ನ ಅಡುಗೆಮನೆಗೆ ಬಂದಾಗ ದಿಂಬು ತಂದು ಕೊಟ್ಟಿದ್ಯಾ?" ಎಂದಳು ಅಕ್ಕ. ಬಾಚಣಿಗೆ ಜೇಬಿಗೆ ಹೋಯಿತು.

ಇಂಜಿನಿಯರಮ್ಮ ಕ್ಯಾಂಟೀನಿನ ಮೇಜಿನ ಮೇಲೆ ಲೋಟ, ತಟ್ಟೆ, ಉಪ್ಪಿನ ಡಬ್ಬಿಗಳನ್ನಿಟ್ಟು ಹೊಸ ರೀತಿಯನ್ನು ವಿವರಿಸಿದಳು. ಕಸವನ್ನು ಎತ್ತರದಿಂದ ಸುರಿಯುವುದು ಬೇಡ. ತೆಳುವಾಗಿ ಒಂದು ಪದರ ಹರಡುವುದು, ಗಾಳಿಯಾಡದಂತೆ ರೋಲರಿನಿಂದ ಅದುಮುವುದು, ಅದರ ಮೇಲೆ ಇನ್ನೊಂದು ಪದರ. ಇಳಿಜಾರನ್ನು ಕಡಿದಾಗಿ ಬಿಡದೆ ಹಂತ ಹಂತವಾಗಿ ಕಟ್ಟುವುದು. ಮೇಲೆಲ್ಲ ಜೇಡಿಮಣ್ಣಿನ ಹೊದಿಕೆ. ಮಳೆನೀರು ಒಳಗಿಳಿಯದೆ ಹರಿದು ಹೋಗಲು ಅಂಚಿನಲ್ಲಿ ಚರಂಡಿ. ಚರಂಡಿಯ ತಳದಲ್ಲಿ ಸುಣ್ಣಕಲ್ಲು, ಕಸದಿಂದ ಒಸರುವ ತುಕ್ಕುಬಣ್ಣದ ಹುಳಿನೀರು ಊರ ಕೆರೆ ಸೇರುವ ಮೊದಲು ಅದರ ಹುಳಿ ಇಳಿಸಲು.

"ಅಂದ್ರೆ ಟ್ರಂಕಿಗೆ ಬಟ್ಟೆ ತುರುಕೋದು ಬೇಡ, ಮಡಚಿ ಒತ್ತಿ ಇಡಿ ಅಂತ" ಎಂದಳು ಅಕ್ಕ.

"ಅಷ್ಟೇ ಅಕ್ಕ" ಎಂದಳು ಇಂಜಿನಿಯರಮ್ಮ. "ನಾನು ಇದನ್ನ ಹೇಳೋಕೆ ಉಪ್ಪಿನ ಡಬ್ಬಿ ತನಕ ಹೋದೆ."

ದೊಡ್ಡ ಸಾಹೇಬರು, ಅಂದರೆ ಗಣಿಯ ಮುಖ್ಯಸ್ಥರು, ಒಪ್ಪಿದರು, ಅರ್ಧ ಮಾತ್ರ. ಬೀದಿಯ ಮೇಲ್ಗಡೆಯ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡೋಣ. ಮುಂದಿನ ಮಳೆಗಾಲ ಮುಗಿದ ಮೇಲೆ ಸುರಕ್ಷತೆಯ ತಪಾಸಣೆಯವರು ಬರುತ್ತಾರೆ. ಅಷ್ಟರವರೆಗೆ ಗುಡ್ಡ ಕಾಯದೆ, ಜಾರದೆ ನಿಂತರೆ ಇನ್ನು ಮುಂದೆ ಎಲ್ಲ ಕಸವೂ ಹೀಗೇ. ಇಲ್ಲವಾದರೆ ಹಳೆಯ ಪದ್ಧತಿ, ಅದೇ ಮೂಲೆಯಲ್ಲಿ, ಬೀದಿಯ ನೆತ್ತಿಯ ಮೇಲೆಯೇ. ಬೇರೆಲ್ಲೂ ಜಾಗವಿಲ್ಲ.

ಹೀಗೆ ಅಕ್ಕನ ಅಡುಗೆಮನೆ, ಅತ್ತೆಯ ಪ್ರಾಣ, ಪಕ್ಕದ ಮನೆಯಾಕೆಯ ನಲ್ಲಿ, ಇಡೀ ಬೀದಿಯ ನೆಮ್ಮದಿ, ಎಲ್ಲವೂ ಒಂದು ರೋಲರಿನ ಗಾಲಿಯ ಕೆಳಗೆ ಬಂದವು.

ಅಕ್ಕ ಹಳೆಯ ಗುಡ್ಡದ ಪಕ್ಕದಲ್ಲಿ ಹೊಸ ಗುಡ್ಡ ಕಟ್ಟಿದಳು. ಟಿಪ್ಪರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದರೂ ಅವಳ ರೋಲರ್ ತನ್ನ ಗತಿ ಬಿಡುತ್ತಿರಲಿಲ್ಲ. ಒಂದು ಪದರ ಅದುಮಿದ ಮೇಲೆ ಇಳಿದು, ಹಿಮ್ಮಡಿಯಿಂದ ಗುದ್ದಿ ನೋಡುತ್ತಿದ್ದಳು. ಹಿಮ್ಮಡಿ ಇಳಿದರೆ ಮತ್ತೆ ರೋಲರ್.

"ಅಕ್ಕ, ಇದು ಕಸ! ನಿನ್ನ ಮಗಳ ಮದುವೆಗೆ ಅಂಗಳ ಸಾರಿಸ್ತಿಲ್ಲ!" ಎಂದು ಸುಂಟರಗಾಳಿ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದ.

"ನನಗೆ ಮಗಳಿಲ್ಲ, ಇದೇ ಮಗಳು" ಎನ್ನುತ್ತಿದ್ದಳು. "ಹಾರ್ನ್ ಹೊಡೀಬೇಡ, ಮಲಗಿದ್ದಾಳೆ."

ಗುಡ್ಡದ ಮೈಗೆ ಅಲ್ಲಲ್ಲಿ ಕಬ್ಬಿಣದ ಕೊಳವೆಗಳನ್ನು ಇಳಿಸಿದ್ದರು. ಬೆಳಿಗ್ಗೆ ಅವುಗಳೊಳಗೆ ದಾರ ಕಟ್ಟಿದ ಉಷ್ಣಮಾಪಕ ಇಳಿಬಿಟ್ಟು ಗುಡ್ಡದ ಜ್ವರ ನೋಡುವುದೂ ಅಕ್ಕನ ಕೆಲಸ. ತಿಂಗಳುಗಳು ಹೋದವು. ಜ್ವರವಿಲ್ಲ, ಹೊಗೆಯಿಲ್ಲ. ಜೇಡಿಮಣ್ಣಿನ ಹೊದಿಕೆ ಬಿತ್ತು, ಹುಲ್ಲಿನ ಬೀಜ ಚೆಲ್ಲಿದರು, ಹುಲ್ಲು ಮೂಡಿತು. ಬೀದಿಯಲ್ಲಿ ಯಾರೋ "ಇಸ್ತ್ರಿ ಅಕ್ಕ" ಎಂದರು, ಹೆಸರು ಅಂಟಿತು.

ಇಲ್ಲಿಯವರೆಗೆ ಕಥೆ ಅಕ್ಕನ ರೋಲರಿನಂತೆಯೇ ನೆಟ್ಟಗೆ ಬಂದಿದೆ. ಆದರೆ ಹೊಗಳಿಕೆ ಎಂಬುದು ಅಕ್ಕನ ತಲೆಗೂ ಏರುವ ಪದಾರ್ಥವೇ. ಅವಳು ಗುಡ್ಡವನ್ನು "ನಮ್ಮ ಗುಡ್ಡ" ಎನ್ನುವುದನ್ನು ಬಿಟ್ಟು "ನನ್ನ ಗುಡ್ಡ" ಎನ್ನತೊಡಗಿದಳು. ಕಿಟಕಿಯ ಬಳಿ ಕೂತು ಅದನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೊಂದು ಕೊರತೆ ಕಂಡಿತು.

ದೊಡ್ಡ ಸಾಹೇಬರಿಗೂ ಅದೇ ಕೊರತೆ ಕಂಡಿತ್ತು. ತಪಾಸಣೆಯವರು ಬರುವ ಹೊತ್ತಿಗೆ ಗುಡ್ಡದ ಮೇಲೆ ಹುಲ್ಲು ಮಾತ್ರ ಇದ್ದರೆ ಫೋಟೋ ಹೇಗೆ ಬರುತ್ತದೆ? ಮರ ಬೇಕು. ಗಿಡ ನೆಡುವ ಸಮಾರಂಭ ಬೇಕು. ಗಿಡದ ಮುಂದೆ, ನೆಟ್ಟವರ ಹೆಸರಿನ ಫಲಕ ಬೇಕು.

ಇಂಜಿನಿಯರಮ್ಮ ತಡೆದಳು. "ಬೇಡ ಸರ್. ಹುಲ್ಲಿನ ಬೇರು ಮೇಲೇ ಇರುತ್ತೆ. ಮರಕ್ಕೆ ಗುಂಡಿ ತೋಡಿದ್ರೆ ಜೇಡಿಮಣ್ಣು ತೂತಾಗುತ್ತೆ."

ದೊಡ್ಡ ಸಾಹೇಬರು ಅಕ್ಕನ ಕಡೆ ತಿರುಗಿದರು. "ನೀನು ಹೇಳಮ್ಮ. ಗುಡ್ಡ ನಿನ್ನದು."

ಆ ಕೊನೆಯ ಮಾತೇ ಸಾಕಾಯಿತು. ಅಕ್ಕ ಬೆನ್ನು ನೆಟ್ಟಗೆ ಮಾಡಿ, "ಬರೀ ಹುಲ್ಲು ಅಂದ್ರೆ ಗಡ್ಡ ಬಿಟ್ಟ ಬೋಳುತಲೆ ಥರ ಕಾಣುತ್ತೆ ಮೇಡಂ. ನಾನು ಅದುಮಿರೋ ಗುಡ್ಡ ಸಾಹೇಬ್ರೇ, ನಾಲ್ಕು ಗುಂಡಿಗೆಲ್ಲ ಅಲ್ಲಾಡಲ್ಲ" ಎಂದಳು.

ಇಂಜಿನಿಯರಮ್ಮ ಅವಳ ಮುಖವನ್ನೇ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಅಕ್ಕನಿಗೆ ಮುಂದೆ ಸಂಕಟ ಸ್ವಲ್ಪ ಕಡಿಮೆಯಾಗುತ್ತಿತ್ತು.

ಸಮಾರಂಭ ಜೋರಾಗಿಯೇ ನಡೆಯಿತು. ಗುಂಡಿ ಕೊರೆಯಲು ಯಂತ್ರ ತಂದರು. ಅದು ಜೇಡಿಮಣ್ಣನ್ನು ಬೆಣ್ಣೆಯಂತೆ ಕೊರೆದು ಕೆಳಗಿಳಿಯಿತು. ದೊಡ್ಡ ಸಾಹೇಬರು ಮೊದಲ ಗಿಡ ನೆಟ್ಟು, ಭೂಮಿಯ ಋಣದ ಬಗ್ಗೆ ಮಾತಾಡಿದರು. ಮಾತು ಮುಗಿಯುವ ಹೊತ್ತಿಗೆ ಗಿಡ ಸ್ವಲ್ಪ ಬಾಡಿತ್ತು. ಎರಡನೆಯ ಗಿಡ ಅಕ್ಕನದು. ಫಲಕದ ಮೇಲಿನ ತನ್ನ ಹೆಸರನ್ನು ಅವಳು ಸೆರಗಿನಿಂದ ಎರಡೆರಡು ಸಲ ಒರೆಸಿದಳು. ಅತ್ತೆ ಬೀದಿಯವರನ್ನೆಲ್ಲ ಕರೆತಂದು, "ನೋಡಿ, ಮೊದಲೆಲ್ಲ ಗುಡ್ಡ ನಮ್ಮ ಮನೆಗೆ ಬರ್ತಿತ್ತು. ಈಗ ನಮ್ಮ ಮನೆಯವರು ಗುಡ್ಡಕ್ಕೆ ಹೋಗ್ತಾರೆ" ಎಂದು ತೋರಿಸಿದರು.

ಕೆಲವು ವಾರಗಳ ನಂತರ ಒಂದು ಬೆಳಿಗ್ಗೆ, ಅಕ್ಕನ ಗಿಡದ ಪಕ್ಕದ ಕೊಳವೆಯಿಂದ ಎತ್ತಿದ ಉಷ್ಣಮಾಪಕ ಬೆಚ್ಚಗಿತ್ತು.

ಅಕ್ಕ ಮಾಪಕವನ್ನು ಬೈದಳು. ಇನ್ನೊಂದನ್ನು ತಂದು ಇಳಿಬಿಟ್ಟಳು. ಅದೂ ಬೆಚ್ಚಗೆ. ಬಿಸಿಲನ್ನು ಬೈದಳು, ಅಂದು ಮೋಡವಿತ್ತು. ಸುಂಟರಗಾಳಿಯನ್ನು ಕರೆದು, "ಇಲ್ಲಿ ಬೀಡಿ ಸೇದಿ ಎಸೆದ್ಯಾ?" ಎಂದು ಕೇಳಿದಳು.

"ಅಕ್ಕ, ನಾನು ಬೀಡಿ ಬಿಟ್ಟು ಎಷ್ಟು ಕಾಲ ಆಯ್ತು! ನೀನೇ ಬಿಡಿಸಿದ್ದು, ಬೈದೂ ಬೈದೂ."

ಬೈಯಲು ಇನ್ನು ಯಾರೂ ಉಳಿದಿರಲಿಲ್ಲ. ಅವಳು ತನ್ನ ಗಿಡದ ಬುಡದಲ್ಲಿ ಮೊಣಕಾಲೂರಿ ಕೂತು, ಸಡಿಲ ಮಣ್ಣಿಗೆ ಮೂಗು ಹಚ್ಚಿದಳು. ಆಗಷ್ಟೇ ಬೆಂಕಿಕಡ್ಡಿ ಗೀರಿದ ವಾಸನೆ. ಬಹಳ ಸಣ್ಣಗೆ. ಆದರೆ ಅಡುಗೆಮನೆಯಿಂದ ಕೆಸರು ಬಳಿದವಳಿಗೆ ಅದನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ.

ಅಂದು ಸಂಜೆ ಅವಳು ಗಂಡನ ಅಂಗಡಿಗೆ ಹೋದಳು. ಬೀದಿಯ ತುದಿಯಲ್ಲಿ ಅವನದು ಪಂಚರ್ ಅಂಗಡಿ. ಗೋಡೆಗೆ ಹಳೆಯ ಟೈರುಗಳು, ನೆಲದ ಮೇಲೆ ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿ. ಅವನು ಅವಳ ಮುಖ ನೋಡಿ ಸ್ಟೂಲು ಎಳೆದ. ಅಕ್ಕ ಎಲ್ಲ ಹೇಳಿದಳು. ಮೇಡಂ ಬೇಡವೆಂದಿದ್ದನ್ನು, ಗಡ್ಡ ಬಿಟ್ಟ ಬೋಳುತಲೆಯನ್ನೂ ಬಿಡದೆ ಹೇಳಿದಳು.

"ಹಾಗಾದ್ರೆ ಗಾಳಿ ಒಳಗೆ ಹೋಗ್ತಿದೆ" ಎಂದ ಗಂಡ.

"ಹೌದು ರೀ."

"ನನ್ನ ಅಂಗಡೀಲಿ ಗಾಳಿ ಹೊರಗೆ ಹೋಗುತ್ತೆ, ನಿನ್ನ ಗುಡ್ಡದಲ್ಲಿ ಒಳಗೆ ಹೋಗುತ್ತೆ. ತೂತು ತೂತೇ."

"ನಾಳೆ ಬೆಳಿಗ್ಗೆ ಎಲ್ಲ ಗಿಡ ಕಿತ್ತು ಎಸೀತೀನಿ."

ಗಂಡ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. "ಏ ಇವಳೇ, ತಾಳು. ಮೊಳೆ ಕಂಡ ತಕ್ಷಣ ಕಿತ್ತರೆ ಇರೋ ಗಾಳೀನೂ ಹೋಯ್ತು. ತೇಪೆ ಕೈಲಿ ಇಟ್ಕೊಂಡು ಮೊಳೆ ಕೀಳಬೇಕು. ಒಂದು ಕಿತ್ತೆ, ಮುಚ್ಚಿದೆ. ಆಮೇಲೆ ಇನ್ನೊಂದು."

ಮನೆಯಲ್ಲಿ ಅತ್ತೆಗೆ ಸುದ್ದಿ ಆಗಲೇ ಮುಟ್ಟಿತ್ತು. ಅಕ್ಕ ತಲೆ ತಗ್ಗಿಸಿ ಊಟಕ್ಕೆ ಕೂತಳು. "ತಾನು ತೋಡಿದ ಗುಂಡಿಗೆ ತಾನೇ ಬೀಳೋದು ಅಂತ ಕೇಳಿದ್ದೆ. ಫಲಕ ಹಾಕಿಸ್ಕೊಂಡು ಬಿದ್ದೋಳು ನೀನೊಬ್ಳೇ" ಎಂದರು ಅತ್ತೆ. ಆಮೇಲೆ ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. "ಸರಿ, ತಿನ್ನು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಗಿಡ ಇರೋವಾಗ್ಲೇ ಗೊತ್ತಾಯ್ತಲ್ಲ. ನಾಳೆ ಹೊಟ್ಟೆ ಗಟ್ಟಿ ಇರಲಿ, ಸಾಹೇಬ್ರ ಹತ್ರ ಮಾತಾಡ್ಬೇಕು ನೀನು."

ಬೆಳಿಗ್ಗೆ ಅಕ್ಕ ಮೊದಲು ಹೋದದ್ದು ಇಂಜಿನಿಯರಮ್ಮನ ಬಳಿಗೆ.

"ಮೇಡಂ, ನನ್ನ ಗುಡ್ಡ ಅಂತ ಮೆರೆದೆ. ಗುಡ್ಡ ಕಾಯ್ತಿದೆ."

ಇಂಜಿನಿಯರಮ್ಮ ಎದ್ದು ನಿಂತಳು. "ನಾನೂ ಆವತ್ತು ಬಾಯಿ ಬಿಡಬೇಕಿತ್ತು ಅಕ್ಕ. ನೀವು ಸಾಹೇಬ್ರ ಕಡೆ ಹೋದ್ರಲ್ಲ ಅಂತ ಸಿಟ್ಟು ಬಂತು. ಸಿಟ್ಟು ಮಾಡ್ಕೊಂಡು ಕೂತೆ." ಆಮೇಲೆ ಅವಳು ಗುಡ್ಡದ ನಕ್ಷೆ ಬಿಡಿಸಿ, ಗಾಳಿ ಯಾವ ಮಗ್ಗುಲಿಂದ ಬೀಸುತ್ತದೆ, ಯಾವ ಗುಂಡಿಯಿಂದ ಶುರು ಮಾಡಿದರೆ ಕ್ಷೇಮ ಎಂದು ಗುರುತು ಹಾಕಿದಳು. ಜೇಡಿಮಣ್ಣು ಬೇಕು, ಅದೂ ಮೊದಲೇ ಬಂದು ಬೀಳಬೇಕು. ಮಳೆ ಇನ್ನೇನು ಬಾಗಿಲಲ್ಲಿತ್ತು. ಸಡಿಲ ಗುಂಡಿಗಳಿಗೆ ನೀರು ಇಳಿದರೆ ಕಾಯುವುದರ ಜೊತೆ ಜಾರುವ ಭಯವೂ ಸೇರುತ್ತಿತ್ತು.

ಉಳಿದದ್ದು ದೊಡ್ಡ ಸಾಹೇಬರು. ಅವರು ಕೊಠಡಿಯಲ್ಲಿ, ಸಮಾರಂಭದ ಫೋಟೋಗೆ ಕಟ್ಟು ಹಾಕಿಸಿ ಗೋಡೆಯ ಮೇಲೆ ಎಲ್ಲಿ ತೂಗುಹಾಕಬೇಕೆಂದು ನೋಡುತ್ತಿದ್ದರು.

"ಕೀಳೋದಾ? ತಪಾಸಣೆ ಮುಂದೆ ಇಟ್ಕೊಂಡು? ಬಿಸಿ ಆಗಿರೋದು ನಿನ್ನ ಗಿಡದ ಹತ್ರ ಅಲ್ವೇನಮ್ಮ? ನನ್ನ ಗಿಡ ಚೆನ್ನಾಗಿ ಚಿಗುರಿದೆ, ನಿನ್ನೆ ತಾನೇ ನೋಡಿದೆ."

"ಚಿಗುರುತ್ತೆ ಸಾಹೇಬ್ರೇ. ಕೆಳಗೆ ಬೆಚ್ಚಗಿದೆಯಲ್ಲ" ಎಂದಳು ಅಕ್ಕ. "ಬನ್ನಿ, ನೀವೇ ಕೈಯಿಟ್ಟು ನೋಡಿ."

ಸಾಹೇಬರು ಬಂದರು. ಬರಬಾರದೆಂದು ಎಷ್ಟೇ ಅಂದುಕೊಂಡಿದ್ದರೂ, ಆಗಲೇ ಟಿಪ್ಪರ್ ಚಾಲಕರು, ಕ್ಯಾಂಟೀನಿನವರು, ಬೀದಿಯವರು ಸೇರಿಬಿಟ್ಟಿದ್ದರು. ಅಷ್ಟು ಜನರೆದುರು ಗುಡ್ಡ ಹತ್ತದೆ ಇರುವುದು ಹತ್ತುವುದಕ್ಕಿಂತ ಕಷ್ಟವಾಗಿತ್ತು. ಅಕ್ಕ ಮೊದಲು, ಜೇಡಿಮಣ್ಣಿನ ಬುಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ತನ್ನ ಗಿಡದ ಬಳಿ ನಿಂತಳು. ಫಲಕ ಕಿತ್ತು ಪಕ್ಕಕ್ಕಿಟ್ಟಳು. ಗಿಡದ ಬುಡಕ್ಕೆ ಕೈ ಹಾಕಿ, ಎಲ್ಲರೂ ನೋಡುವಂತೆ, ಬೇರು ಹರಿಯದಂತೆ ಮೇಲೆತ್ತಿದಳು.

"ಇದನ್ನ ನೆಡೋಣ ಅಂದೋಳು ನಾನು. ಮೇಡಂ ಬೇಡ ಅಂದ್ರು, ನಾನು ಕೇಳಲಿಲ್ಲ. ಎಲ್ರಿಗೂ ಗೊತ್ತಿರ್ಲಿ" ಎಂದಳು, ಜೋರಾಗಿಯೇ. ತಪ್ಪೊಪ್ಪಿಕೊಳ್ಳುವಾಗಲೂ ಅವಳ ದನಿ ಜಂಬದ ದನಿಯೇ. ಅದನ್ನು ತಗ್ಗಿಸುವುದು ಅವಳಿಗೆ ಬರುವುದಿಲ್ಲ.

ಸಾಹೇಬರು ಅಂಗಿಯ ತೋಳು ಮಡಚಿ, ಬಗ್ಗಿ, ತಮ್ಮ ಗಿಡದ ಬುಡದ ಸಡಿಲ ಮಣ್ಣಿಗೆ ಕೈ ಇಳಿಸಿದರು. ಮೊಣಕೈವರೆಗೆ ಹೋಯಿತು, ತಳ ಬೆಚ್ಚಗಿತ್ತು. ಅವರ ಮುಖದ ಮೇಲಿನ ಭಾಷಣಗಳೆಲ್ಲ ಒಂದೊಂದಾಗಿ ಇಳಿದವು. ಕೆಳಗೆ ಬೀದಿಯ ಮಾಡುಗಳು ಕಾಣುತ್ತಿದ್ದವು, ಒಂದು ಮನೆಯ ಮುಂದೆ ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಅವರು ಕೈ ಹೊರಗೆ ತೆಗೆದು, ಒರೆಸಿಕೊಳ್ಳುವುದನ್ನೂ ಮರೆತು, "ಮೊದಲು ನನ್ನದು ಕೀಳಿ" ಎಂದರು.

ಆ ಒಂದು ಮಾತಿಗಾಗಿ ಬೀದಿಯವರು ಅವರ ಹಿಂದಿನ ಎಷ್ಟೋ ಭಾಷಣಗಳನ್ನು ಕ್ಷಮಿಸಿದ್ದಾರೆ.

ಸುಂಟರಗಾಳಿಯೇ ಜೇಡಿಮಣ್ಣು ತಂದ. ಜೀವನದಲ್ಲಿ ಮೊದಲ ಬಾರಿಗೆ ಅವನ ಲಾರಿ ರೋಲರಿನ ಹಿಂದೆ, ರೋಲರಿನ ಗತಿಯಲ್ಲೇ ನಡೆಯಿತು. ಒಂದು ಗಿಡ ಎತ್ತುವುದು, ಗುಂಡಿಯ ಸಡಿಲ ಮಣ್ಣು ಬಳಿದು ತೆಗೆಯುವುದು, ಬಿಸಿಯಾದದ್ದನ್ನು ದೂರ ಹರಡಿ ಆರಿಸುವುದು, ಜೇಡಿಮಣ್ಣು ತುಂಬಿ ಹಾರೆಯಿಂದ ಗುದ್ದುವುದು, ಮೇಲೆ ರೋಲರ್. ಅಕ್ಕ ಇಳಿದು ಹಿಮ್ಮಡಿ ಗುದ್ದಿ "ಹ್ಞೂಂ" ಎಂದ ಮೇಲೆಯೇ ಇನ್ನೊಂದು ಗಿಡ. ಅಕ್ಕನ ಗಂಡ ಅಂಗಡಿ ಮುಚ್ಚಿ ಬಂದು, ಯಾರೂ ಕೇಳದಿದ್ದರೂ ಪ್ರತಿ ಗುಂಡಿಯ ಬಳಿ ನಿಂತು, "ತೇಪೆ ರೆಡಿ ಇದೆಯಾ? ಹಾಂ, ಈಗ ಮೊಳೆ ಕೀಳಿ" ಎಂದು ಮೇಲ್ವಿಚಾರಣೆ ಮಾಡಿದ. ಇಂಜಿನಿಯರಮ್ಮ ಕೊಳವೆಗಳ ಬಳಿ ಓಡಾಡುತ್ತಲೇ ಇದ್ದಳು.

"ಅಕ್ಕ," ಎಂದ ಸುಂಟರಗಾಳಿ, ಬೆವರು ಒರೆಸಿಕೊಳ್ಳುತ್ತ, "ನಿಧಾನವಾಗಿ ಹೋದ್ರೆ ದಾರಿ ಎಲ್ಲ ಕಾಣುತ್ತೆ ಅಲ್ವಾ?"

"ಕಾಣುತ್ತೆ. ತಲೆ ಬಾಚೋದು ಬಿಟ್ಟು ನೋಡಿದ್ರೆ."

ಕೊನೆಯ ಗುಂಡಿ ಮುಚ್ಚಿದ ಮೇಲೆ ಮಳೆ ಶುರುವಾಯಿತು; ಹೊತ್ತು ಕೇಳಿಕೊಂಡು ಬಂದ ನೆಂಟನ ಹಾಗಲ್ಲ, ಬಾಗಿಲು ಒದ್ದುಕೊಂಡು ಬಂದ ಹಾಗೆ. ಬೀದಿಯಲ್ಲಿ ಯಾರೂ ಹಿಂಬದಿಯ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಅತ್ತೆ ಮಾತ್ರ ಅಡುಗೆಮನೆಯ ಕಿಟಕಿಯ ಬಳಿ ಸ್ಟೂಲು ಹಾಕಿಕೊಂಡು ಕೂತರು. ಅಕ್ಕ ಬೇಡವೆಂದರೂ ಏಳಲಿಲ್ಲ. "ನೀನು ಹಾಕಿದ ತೇಪೆ ಮೇಲೆ ನನಗೇ ನಂಬಿಕೆ ಇಲ್ಲ ಅಂದ್ರೆ ಬೀದಿಯೋರಿಗೆ ಹೇಗೆ ಬರುತ್ತೆ?" ಎಂದರು. ಅಕ್ಕನ ಬಗ್ಗೆ ಅತ್ತೆ ಬಾಯಿಬಿಟ್ಟು ಆಡಿದ ಮೊದಲ ಮೆಚ್ಚುಗೆಯ ಮಾತು ಅದು. ಅಕ್ಕ ಮಳೆಯಂಗಿ ಹಾಕಿಕೊಂಡು ಹೊರಗೆ ಹೋದಳು. ಕೊಳವೆ ನೋಡಲು ಎಂದಳು. ಮುಖ ತೊಯ್ದದ್ದಕ್ಕೆ ಮಳೆಯ ಸಾಕ್ಷಿ ಇತ್ತು.

ನೀರು ಹಂತ ಹಂತವಾಗಿ ಇಳಿಯಿತು, ಚರಂಡಿ ಹಿಡಿಯಿತು, ಸುಣ್ಣಕಲ್ಲಿನ ಮೇಲೆ ಹಾಯ್ದು, ಕೆರೆಗೆ ತಿಳಿಯಾಗಿ ಸೇರಿತು. ಕೊಳವೆಗಳು ಒಂದೊಂದಾಗಿ ತಣ್ಣಗಾದವು. ಎಲ್ಲಕ್ಕಿಂತ ತಡವಾಗಿ ತಣಿದದ್ದು ಅಕ್ಕನ ಗಿಡದ ಪಕ್ಕದ್ದು. ಅದು ತಣಿಯುವವರೆಗೆ ಅವಳೂ ತಣಿಯಲಿಲ್ಲ. ಗುಡ್ಡ ಒಂದು ಗೇಣೂ ಅಲುಗಲಿಲ್ಲ.

ತಪಾಸಣೆಯವರು ಬಂದರು, ಹತ್ತಿದರು, ಇಳಿದರು. ಕಿತ್ತ ಗಿಡಗಳ ವಿಷಯವನ್ನು ಅಕ್ಕ ಅವರು ಕೇಳುವ ಮೊದಲೇ ಹೇಳಿಬಿಟ್ಟಳು. ಅದನ್ನು ಮುಚ್ಚಿಟ್ಟಿದ್ದರೆ ಚೆನ್ನಾಗಿತ್ತು ಎಂದು ಸಾಹೇಬರ ಮುಖ ಹೇಳಿತು. ಆದರೆ ತಪಾಸಣೆಯವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ: ಕಾದದ್ದು ಕಾಣಿಸಿತು, ಕಂಡದ್ದು ಆರಿತು. ಹಳೆಯ ಗುಡ್ಡದಲ್ಲಾಗಿದ್ದರೆ ಹೊಗೆ ಬಂದ ಮೇಲೆಯೇ ತಿಳಿಯುತ್ತಿತ್ತು. ಇನ್ನು ಮುಂದೆ ಗಣಿಯ ಎಲ್ಲ ಕಸವೂ ಪದರ ಪದರವಾಗಿಯೇ ಎಂದು ತೀರ್ಮಾನವಾಯಿತು. ಗಿಡಗಳು ಕ್ಯಾಂಟೀನಿನ ರಸ್ತೆಯ ಅಂಚಿಗೆ ಹೋದವು. ಅಲ್ಲಿ ಈಗ ಒಳ್ಳೆಯ ನೆರಳು. ಸಾಹೇಬರ ಫಲಕವೂ ಹೋಯಿತು. ಹೋಗುವಾಗ ಸ್ವಲ್ಪ ದೊಡ್ಡದಾಯಿತು.

ಆಮೇಲಿನ ವರ್ಷಗಳಲ್ಲಿ ಹಳೆಯ ಗುಡ್ಡದ ಸರದಿ ಬಂತು. ಅದನ್ನು ಸ್ವಲ್ಪಸ್ವಲ್ಪವೇ ಬಗೆದು, ಒಳಗಿನ ಬೆಂಕಿಯನ್ನು ಹರಡಿ ಆರಿಸಿ, ಮತ್ತೆ ಪದರ ಪದರವಾಗಿ ಕಟ್ಟಿ ಅದುಮಿದವಳು ಅಕ್ಕ. ಹೊಗೆ ನಿಂತ ದಿನ ಪಕ್ಕದ ಮನೆಯಾಕೆ ಬಿಳಿ ಹಾಸಿಗೆವಸ್ತ್ರ ಕೊಂಡು ತಂದು, ಒಗೆಯದೆಯೇ ತಂತಿಯ ಮೇಲೆ ಹರವಿದಳು, ಸುಮ್ಮನೆ ನೋಡಲು. ಬೇರೆ ಗಣಿಗಳಿಂದ ರೋಲರ್ ಕಲಿಯಲು ಜನ ಬರುತ್ತಾರೆ. ಅಕ್ಕ ಅವರಿಗೆ ಮೊದಲ ದಿನ ತನ್ನ ಗುಂಡಿಯ ಕಥೆ ಹೇಳುತ್ತಾಳೆ, ಎರಡನೆಯ ದಿನದಿಂದ ತನ್ನ ಪ್ರತಾಪದ ಕಥೆ. ಎರಡೂ ನಿಜವೇ. ಅವಳ ಹತ್ತಿರ ಕಲಿತವರಲ್ಲಿ ಸುಂಟರಗಾಳಿಯೂ ಒಬ್ಬ. ಅವನೀಗ ರೋಲರ್ ಓಡಿಸುತ್ತಾನೆ, ಬಾಚಲು ತಲೆಯಲ್ಲಿ ಹೆಚ್ಚೇನೂ ಉಳಿದಿಲ್ಲ. "ನನ್ನ ಗುಡ್ಡ" ಎನ್ನುವುದನ್ನು ಅವಳು ಇನ್ನೂ ಬಿಟ್ಟಿಲ್ಲ. ಇಂಜಿನಿಯರಮ್ಮನೂ ತಿದ್ದಲು ಹೋಗುವುದಿಲ್ಲ. ಅಷ್ಟು ದೊಡ್ಡದನ್ನು ತನ್ನದೆಂದುಕೊಳ್ಳುವವರು ಯಾರಾದರೂ ಇದ್ದರೇ ಅದು ನೆಟ್ಟಗಿರುತ್ತದೆ.

ಈಚೆಗೆ ಯಾವುದೋ ಟಿವಿಯವರು ಬಂದಿದ್ದರು. ಕ್ಯಾಮೆರಾ ಹಿಡಿದವನೊಬ್ಬ, ಮೈಕು ಹಿಡಿದವನೊಬ್ಬ. ಮೈಕಿನವನು ಗುಡ್ಡದ ನೆತ್ತಿಯಲ್ಲಿ ನಿಂತು, ತನ್ನ ಕೂದಲನ್ನು ಗಾಳಿಗೆ ತಕ್ಕಂತೆ ಹೊಂದಿಸಿಕೊಂಡು, ಬಹಳ ಗಂಭೀರವಾದ ದನಿಯಲ್ಲಿ ಕೇಳಿದ: "ಅಕ್ಕ, ಇಷ್ಟು ವರ್ಷದಿಂದ ಈ ಗುಡ್ಡದ ಮೇಲಿದ್ದೀರಿ. ಬೆಂಕಿ ಇಲ್ಲ, ಕುಸಿತ ಇಲ್ಲ, ಏನೂ ಆಗ್ತಾನೇ ಇಲ್ಲ. ದಿನಾ ಹೀಗೆ ಹೋಗೋದು, ಹಾಗೆ ಬರೋದು. ಏನೂ ಆಗ್ತಿಲ್ವಲ್ಲ ಅಂತ ಬೇಜಾರಾಗಲ್ವಾ?"

ಅಕ್ಕ ರೋಲರಿನ ಇಂಜಿನ್ ಆರಿಸಲೂ ಇಲ್ಲ.

"ಏನೂ ಆಗಬಾರದು ಅಂತಲೇ ಕಣಪ್ಪ ನನ್ನನ್ನ ಇಲ್ಲಿ ಕೂರಿಸಿರೋದು. ಏನಾದ್ರೂ ಆಗೋದು ನೋಡ್ಬೇಕಂದ್ರೆ ಸಿನಿಮಾಕ್ಕೆ ಹೋಗು. ಈಗ ಪಕ್ಕಕ್ಕೆ ಸರಿ, ಗಾಲಿ ಕೆಳಗೆ ನಿಂತಿದ್ದೀಯ."